ಹದಿನೈದು ಕಿಲೋ ಸುಳ್ಳು

ನಿಮ್ಮ ತೂಕ ಎಷ್ಟು? ನೀವು ಅಂದುಕೊಂಡಿರುವುದು ಬೇಡ, ಯಂತ್ರ ತೋರಿಸಿದ್ದು ಹೇಳಿ. ನೋಡಿ, ಆಗಲೇ ಎರಡು ಕಿಲೋ ಇಳಿಸಿಬಿಟ್ಟಿರಿ. ಇಳಿಸಿಕೊಳ್ಳಿ, ಪರವಾಗಿಲ್ಲ. ಬಸ್ಸಿನಲ್ಲಿ ಓಡಾಡುವವರು ತೂಕದ ವಿಷಯದಲ್ಲಿ ಎಷ್ಟು ಸುಳ್ಳು ಹೇಳಿದರೂ ಬಸ್ಸಿಗೆ ಏನೂ ಆಗುವುದಿಲ್ಲ. ನಾನು ಸುಳ್ಳು ಹೇಳಿದ್ದು ಒಂದು ವಿಮಾನಕ್ಕೆ.

ಅದೂ ಇನ್ನೂರು ಜನ ಕೂರುವ ದೊಡ್ಡ ವಿಮಾನವಲ್ಲ. ನಾಲ್ಕೇ ಸೀಟಿನದು, ಹಳೆಯ ಕಾರಿಗೆ ರೆಕ್ಕೆ ಕಟ್ಟಿ ನಿಲ್ಲಿಸಿದ ಹಾಗಿತ್ತು. ಮದುವೆಗೆ ಶಾಮಿಯಾನ ತರುವಂತೆ ಅದನ್ನು ಅರ್ಧ ದಿನಕ್ಕೆ ಬಾಡಿಗೆಗೆ ತರುತ್ತಾರೆ. ಅದನ್ನು ನಡೆಸುವವಳು ನನ್ನ ಮಗಳು.

ಮಗಳು ಟೋಕಿಯೋ ಪಕ್ಕದ ವಾಕೋದಲ್ಲಿ ಸಂಶೋಧನೆ ಮಾಡುತ್ತಾಳೆ. ಏನು ಸಂಶೋಧನೆ ಎಂದು ನನ್ನನ್ನು ಕೇಳಬೇಡಿ. ಅವಳು ಎಷ್ಟೋ ಸಲ ಹೇಳಿದ್ದಾಳೆ, ನಾನೂ ಅಷ್ಟೇ ಸಲ ಅರ್ಥವಾದವಳ ಹಾಗೆ ತಲೆಯಾಡಿಸಿದ್ದೇನೆ. ಅಳಿಯಂದಿರು ಆ ತಿಂಗಳು ಕೆಲಸದ ಮೇಲೆ ಕೋಬೆಗೆ ಹೋಗಿದ್ದರು. ಮನೆಯಲ್ಲಿದ್ದವರು ಮಗಳು, ಹನ್ನೊಂದು ವರ್ಷದ ಮೊಮ್ಮಗಳು, ಮತ್ತೆ ಮೂರು ತಿಂಗಳ ವೀಸಾ ಮೇಲೆ ಮೈಸೂರಿನಿಂದ ಬಂದಿದ್ದ ನಾನು. ವೀಸಾದಲ್ಲಿ ಒಂಬತ್ತು ದಿನ ಉಳಿದಿತ್ತು.

ಮಗಳ ಮನೆಯ ಬಾಗಿಲ ಪಕ್ಕ ಒಂದು ಕೆಂಪು ಚೀಲ ಸದಾ ನೇತಾಡುತ್ತಿರುತ್ತದೆ. ಅದರಲ್ಲಿ ನೀರು, ಟಾರ್ಚು, ಬ್ಯಾಂಡೇಜು, ಐದು ವರ್ಷ ಕೆಡದ ಬಿಸ್ಕತ್ತು. ಅವಳು ಈ ದೇಶಕ್ಕೆ ಬಂದ ಮೊದಲ ವರ್ಷವೇ ಆ ದೊಡ್ಡ ಭೂಕಂಪವಾಗಿ ರೈಲುಗಳೆಲ್ಲ ನಿಂತು, ಐದು ಗಂಟೆ ನಡೆದು ಮನೆ ಸೇರಿದ್ದಳು. ಅಂದಿನಿಂದ ಆರು ತಿಂಗಳಿಗೊಮ್ಮೆ ಚೀಲ ಬಿಚ್ಚಿ, ಒಂದೊಂದರ ತಾರೀಕು ನೋಡಿ, ಪಟ್ಟಿಗೆ ಗುರುತು ಹಾಕಿ ಮತ್ತೆ ಕಟ್ಟಿಡುತ್ತಾಳೆ. ಆ ಬಿಸ್ಕತ್ತನ್ನು ಮಧ್ಯಾಹ್ನದ ಕಾಫಿಗೆ ಅದ್ದಿಕೊಂಡು ತಿಂದು, ಖಾಲಿ ಪೊಟ್ಟಣವನ್ನು ಮೊದಲಿದ್ದ ಹಾಗೆಯೇ ಮಡಚಿಟ್ಟವಳು ನಾನು. ಅಂಥ ಮಗಳಿಗೆ ಇಂಥ ತಾಯಿ.

ವಿಮಾನದ ವಿಷಯ ಅವಳು ನನಗೆ ಹೇಳಿದ್ದು ಫೋನಿನಲ್ಲಿ, ಹೊಲಿಗೆ ಕ್ಲಾಸಿಗೆ ಸೇರಿದವರು ಹೇಳುವ ಹಾಗೆ. "ಅಮ್ಮ, ಶನಿವಾರ ಶನಿವಾರ ವಿಮಾನ ಕಲಿಯಕ್ಕೆ ಹೋಗ್ತಿದೀನಿ." ಕಲಿತು ಮುಗಿಸಲು ಆರು ವರ್ಷ ಬೇಕಾಯಿತು. ಐದು ಗಂಟೆ ನಡೆದ ಆ ದಿನಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಕೇಳಿದ್ದೆ. ಇಲ್ಲ ಎಂದಳು. ಸಂಬಂಧ ಇದ್ದದ್ದು ಯಾವುದಕ್ಕೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಮುಂದೆ ಕೇಳಲಿಲ್ಲ.

ಅದನ್ನೂ ಹೇಳಿಬಿಡುತ್ತೇನೆ. ಪಿಯುಸಿ ಮುಗಿದ ಬೇಸಿಗೆಯಲ್ಲಿ ಅವಳು ಬೆಂಗಳೂರಿನ ಒಂದು ಫ್ಲೈಯಿಂಗ್ ಸ್ಕೂಲಿನಿಂದ ಅರ್ಜಿ ತರಿಸಿದ್ದಳು. ಅದಕ್ಕೆ ತಂದೆ ಇಲ್ಲವೇ ತಾಯಿಯ ಸಹಿ ಬೇಕಿತ್ತು. ನಮ್ಮ ಯಜಮಾನರು ಕಷ್ಟದ ಪ್ರಶ್ನೆಗಳನ್ನೆಲ್ಲ ನನ್ನ ಕಡೆ ತಳ್ಳುವವರು, "ನಿಮ್ಮಮ್ಮನ್ನ ಕೇಳು" ಅಂದರು. ನಾನು "ಕೊಡು, ನೋಡ್ತೀನಿ" ಎಂದು ತೆಗೆದುಕೊಂಡೆ. ಆಮೇಲೆ ಅವಳು ಕೇಳಿದಾಗಲೆಲ್ಲ "ಎಲ್ಲಿಟ್ಟೆನೋ ಕಣೆ, ಹುಡುಕ್ತಿದೀನಿ" ಎನ್ನುತ್ತಾ ಕೊನೆಯ ತಾರೀಕು ದಾಟಿಸಿದೆ. ಅದು ಅಕ್ಕಿ ಡಬ್ಬದ ಕೆಳಗಿತ್ತು. ಹುಡುಗಿ ಆಕಾಶಕ್ಕೆ ಹೋದರೆ ನಾನು ಕೆಳಗೆ ನಿಂತು ಏನು ಮಾಡುವುದು ಎಂಬ ಭಯ, ಅಷ್ಟೇ. ಅವಳು ಕೆಮಿಸ್ಟ್ರಿ ಓದಿದಳು. ಆ ಅರ್ಜಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈಗ, ವೀಸಾ ಮುಗಿಯುತ್ತಾ ಬಂದಾಗ, ಅವಳು ಪಾತ್ರೆ ಒರೆಸುತ್ತಾ ನನ್ನ ಕಡೆ ನೋಡದೆ ಹೇಳಿದಳು.

"ಅಮ್ಮ, ನೀನು ಹೋಗೋದ್ರೊಳಗೆ ಒಂದ್ಸಲ ನಿನ್ನ ಊಟಕ್ಕೆ ಕರ್ಕೊಂಡು ಹೋಗ್ಬೇಕು."

"ಎಲ್ಲಿಗೆ?"

"ಒಂದು ದ್ವೀಪಕ್ಕೆ. ನಾನೇ ಓಡಿಸ್ತೀನಿ."

"ಊಟಕ್ಕೆ ಸಮುದ್ರ ಯಾಕೆ ದಾಟಬೇಕು? ಬೆಳಿಗ್ಗೆ ಮಾಡಿದ ಹುಳಿ ಹಾಗೇ ಇದೆ."

"ಹುಳಿ ಫ್ರಿಜ್ಜಲ್ಲಿಡು. ನಾನು ವಿಮಾನ ಇಳಿಸೋದನ್ನ ನೀನು ಒಂದ್ಸಲ ನೋಡ್ಬೇಕು, ಅಷ್ಟೇ."

ಅಷ್ಟೇ ಎಂದಳು. ಆದರೆ ಆ ಅಷ್ಟಕ್ಕೆ ಅವಳು ಎರಡು ತಿಂಗಳಿಂದ ತಯಾರಿ ನಡೆಸಿದ್ದಳೆಂದು ಆಮೇಲೆ ತಿಳಿಯಿತು. ಟೋಕಿಯೋದಿಂದ ದಕ್ಷಿಣಕ್ಕೆ ಸಮುದ್ರದಲ್ಲಿ ಸಾಲಾಗಿ ದ್ವೀಪಗಳಿವೆ. ಅದರಲ್ಲೊಂದರಲ್ಲಿ ಬಂದರಿನ ಹಿಂದೆ ಒಬ್ಬ ಮುದುಕಿ ಪುಟ್ಟ ಹೋಟೆಲು ನಡೆಸುತ್ತಾಳೆ. ಮಗಳು ಆಕೆಗೆ ಫೋನು ಮಾಡಿ, ಮೀನಿಲ್ಲದ ಊಟ ಎಂದರೇನು ಎಂದು ಬಹಳ ಹೊತ್ತು ವಿವರಿಸಿದ್ದಳು. ಮೀನು ಬೇಡ, ಮೀನಿನ ರಸವೂ ಬೇಡ, ಮೊಟ್ಟೆಯೂ ಬೇಡ. ಆಕೆ ಯೋಚಿಸಿ, ಹಾಗಾದರೆ ಅನ್ನ, ಉಪ್ಪು, ಅಶಿತಾಬಾ ಸೊಪ್ಪಿನ ತೆಂಪುರಾ ಮಾಡುತ್ತೇನೆ ಎಂದಳಂತೆ. ಆ ಸೊಪ್ಪು ಅಲ್ಲಿ ಬೇಲಿಬೇಲಿಯಲ್ಲೂ ಬೆಳೆಯುತ್ತದೆ, ಇವತ್ತು ಕಿತ್ತರೆ ನಾಳೆ ಚಿಗುರುತ್ತದೆ. ತೆಂಪುರಾ ಎಂದರೆ ನಮ್ಮ ಬಜ್ಜಿಯ ದೂರದ ನೆಂಟ. ಆಕೆ ಇನ್ನೊಂದು ಮಾತು ಹೇಳಿದ್ದಳು. "ನಿಮ್ಮ ವಿಮಾನದ ಸದ್ದು ಕೇಳಿದ ಮೇಲೇ ಎಣ್ಣೆ ಒಲೆಗಿಡುತ್ತೇನೆ. ನಡೆದು ಬರುವಷ್ಟರಲ್ಲಿ ಬಿಸಿಬಿಸಿ ಇರುತ್ತದೆ."

ಹೊರಡುವ ಹಿಂದಿನ ದಿನ ಮಗಳು ನೋಟ್‌ಬುಕ್ ಹಿಡಿದು ಕೂತಳು. "ಅಮ್ಮ, ನಿನ್ನ ತೂಕ ಎಷ್ಟು?"

"ಐವತ್ತಾರು."

ಐವತ್ತಾರು ನಾನು ಇದ್ದದ್ದು ನಿಜ. ಅವಳಿಗೆ ಹಾಲು ಬಿಡಿಸಿದ ವರ್ಷ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ಬೆಳಿಗ್ಗೆ ಒಂದ್ಸಲ ಯಂತ್ರದ ಮೇಲೆ ನಿಂತ್ಬಿಡು" ಎಂದಳು. ಬಚ್ಚಲುಮನೆಯ ಮೂಲೆಯಲ್ಲಿ ಅವರದೊಂದು ತೂಕದ ಯಂತ್ರವಿದೆ. ಅವಳು ಅಡುಗೆಮನೆಗೆ ಹೋದಾಗ ನಾನು ಅದರ ಎರಡು ಪೆನ್ಸಿಲ್ ಸೆಲ್ ತೆಗೆದು ಟಿವಿ ರಿಮೋಟಿಗೆ ಹಾಕಿದೆ, ರಿಮೋಟಿನ ಸತ್ತ ಸೆಲ್ಲುಗಳನ್ನು ಯಂತ್ರಕ್ಕೆ ಹಾಕಿದೆ. ಬೆಳಿಗ್ಗೆ ಅದರ ಮೇಲೆ ನಿಂತರೆ ಅದು ಮೌನವ್ರತ ಹಿಡಿದಿತ್ತು. ಹೊರಡುವ ಅವಸರ. ಮಗಳು ಐವತ್ತಾರೇ ಬರೆದುಕೊಂಡಳು.

ಇದರಲ್ಲಿ ಅಂಥ ತಪ್ಪೇನಿದೆ ಎಂದು ನನಗೆ ನಿಜವಾಗಿಯೂ ಹೊಳೆಯಲಿಲ್ಲ. ಐದು ಜನರ ಕಾರಿನಲ್ಲಿ ಒಂಬತ್ತು ಜನ ಕೂತು, ತೊಡೆಯ ಮೇಲೆ ಮಗು, ಮಗುವಿನ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ನಂಜನಗೂಡಿಗೆ ಮದುವೆಗೆ ಹೋದವರು ನಾವು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಎಲ್ಲಿ ಬೇಕಾದರೂ ಜಾಗವಾಗುತ್ತದೆ ಎಂದು ನಂಬಿ ಬೆಳೆದವರು. ವಿಮಾನವೂ ಅಡ್ಜಸ್ಟ್ ಮಾಡಿಕೊಳ್ಳುತ್ತದೆ ಎಂದುಕೊಂಡೆ.

ಆ ಪುಟ್ಟ ವಿಮಾನ ನಿಲ್ದಾಣ ಒಂದು ಹೊಳೆಯ ದಂಡೆಯಲ್ಲಿತ್ತು. ಸುತ್ತ ಹುಲ್ಲು, ಒಂದು ತಗಡಿನ ಶೆಡ್ಡು, ನಾಲ್ಕಾರು ವಿಮಾನಗಳು. ಕ್ಲಬ್ಬಿನ ಹಿರಿಯರೊಬ್ಬರು ಬಂದು ಬಗ್ಗಿ ನಮಸ್ಕರಿಸಿದರು. ಹೆಸರು ಹೇಳಿದರು, ನನಗೆ ಬಾಯಿ ತಿರುಗಲಿಲ್ಲ. ತಲೆಯ ಮೇಲೆ ಹಳೆಯ ನೀಲಿ ಟೋಪಿ ಇದ್ದದ್ದರಿಂದ ನಾನೂ ಮೊಮ್ಮಗಳೂ ಅವರಿಗೆ ಟೋಪಿಸಾನ್ ಎಂದು ಹೆಸರಿಟ್ಟೆವು. ಸಾನ್ ಎಂದರೆ ನಾವು ಹೆಸರಿನ ಮುಂದೆ 'ಅವರು' ಸೇರಿಸಿದ ಹಾಗೆ. ಜನರನ್ನು ಕೂರಿಸಿಕೊಂಡು ಮೊದಲ ಸಲ ಸಮುದ್ರ ದಾಟುವವರ ಪಕ್ಕ ಹಿರಿಯರೊಬ್ಬರು ಕೂರಲೇಬೇಕೆಂಬುದು ಆ ಕ್ಲಬ್ಬಿನ ನಿಯಮ. ಆದರೆ ನಡೆಸುವುದು, ತೀರ್ಮಾನ ಮಾಡುವುದು ಎಲ್ಲ ಮಗಳೇ. ಹೀಗೆ ನಾಲ್ಕು ಸೀಟಿಗೆ ನಾಲ್ಕು ಜನ.

ಶೆಡ್ಡಿನೊಳಗೆ ಒಂದು ತೂಕದ ಯಂತ್ರವಿತ್ತು. ಕಬ್ಬಿಣದ್ದು, ದೊಡ್ಡ ಮುಳ್ಳಿನದು. ಸೆಲ್ಲೇ ಬೇಡ ಅದಕ್ಕೆ.

ಹೊರಡುವಾಗ ಹೇಗಿರುತ್ತೀರೋ ಹಾಗೇ ಹತ್ತಿ ಎಂದು ಟೋಪಿಸಾನ್ ಕೈಯಲ್ಲಿ ತೋರಿಸಿದರು. ಹತ್ತಿದೆ. ಮುಳ್ಳು ಎಪ್ಪತ್ತಾರರ ಮೇಲೆ ನಿಂತಿತು.

ಮಗಳು ನೋಡಿದಳು. "ಚೀಲ ಕೆಳಗಿಡಮ್ಮ."

ಇಟ್ಟೆ. ಎಪ್ಪತ್ತೊಂದು.

"ಇದೇನು?"

"ಈ ದೇಶದ ಯಂತ್ರ ಸ್ವಲ್ಪ ಜಾಸ್ತಿ ತೋರಿಸತ್ತೇನೋ."

ಮೊಮ್ಮಗಳು ನನ್ನನ್ನು ಇಳಿಸಿ ತಾನು ಹತ್ತಿದಳು. "ಥರ್ಟಿ ಸಿಕ್ಸ್. ಸ್ಕೂಲಲ್ಲೂ ಇಷ್ಟೇ ಇತ್ತು. ಕರೆಕ್ಟಾಗೇ ಇದೆ ಅಜ್ಜಿ."

ಮಗಳು ನನ್ನ ಚೀಲ ತೆರೆದಳು. ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ, ಇನ್ನೊಂದರಲ್ಲಿ ಪುಳಿಯೋಗರೆ, ಡಬ್ಬದ ತುಂಬ ಕೋಡುಬಳೆ, ನೀರಿನ ಬಾಟಲಿ.

"ಊಟಕ್ಕೆ ಹೋಗ್ತಾ ಊಟ ಕಟ್ಕೊಂಡು ಬಂದಿದೀಯ?"

"ಆ ಸೊಪ್ಪು ಹೇಗಿರತ್ತೋ ಏನೋ ಅಂತ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಹೇಳಿ ನಗಿಸುತ್ತಿದ್ದೆ. ನೋಟ್‌ಬುಕ್ ತೆಗೆದು ಐವತ್ತಾರನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಎಪ್ಪತ್ತೊಂದು ಬರೆದು, ಕೆಳಗಿನ ಲೆಕ್ಕವನ್ನೆಲ್ಲ ಮತ್ತೆ ಮಾಡತೊಡಗಿದಳು. ಆ ವಿಮಾನ ಇಷ್ಟೇ ತೂಕ ಎತ್ತಬೇಕೆಂದು ಕಟ್ಟುನಿಟ್ಟಿದೆಯಂತೆ. ಜನ, ಪೆಟ್ರೋಲು ಎಲ್ಲ ಸೇರಿ ಆ ಗೆರೆಗೆ ಸರಿಯಾಗಿ ಲೆಕ್ಕ ಹಾಕಿ ಅವಳು ಟ್ಯಾಂಕು ತುಂಬಿಸಿಟ್ಟಿದ್ದಳು. ಈಗ ಹದಿನೈದು ಕಿಲೋ ಹೆಚ್ಚು.

"ನಾನು ಇಲ್ಲೇ ಉಳ್ಕೋತೀನಿ ಬಿಡು" ಅಂದೆ. "ನೀವು ಹೋಗ್ಬನ್ನಿ."

"ನಿನ್ನ ಕರ್ಕೊಂಡು ಹೋಗಕ್ಕೇ ಅಲ್ವೇನಮ್ಮ ಇದೆಲ್ಲ?"

ಹನ್ನೊಂದರ ಹುಡುಗಿಯನ್ನು ಅಲ್ಲಿ ಒಬ್ಬಳನ್ನೇ ಬಿಡುವಂತಿಲ್ಲ. ಟೋಪಿಸಾನ್ ಇಲ್ಲದೆ ಹೋಗುವಂತಿಲ್ಲ. ಚೀಲ ಶೆಡ್ಡಿನ ಫ್ರಿಜ್ಜಿಗೆ ಹೋಯಿತು. ಉಳಿದದ್ದು ಪೆಟ್ರೋಲು. ಹದಿನೈದು ಕಿಲೋ ಎಂದರೆ ಸುಮಾರು ಇಪ್ಪತ್ತು ಲೀಟರು. ಮಗಳು ರೆಕ್ಕೆಯ ಕೆಳಗೆ ಕೊಳವೆ ಹಿಡಿದು ಅದನ್ನು ಕ್ಯಾನಿಗೆ ಇಳಿಸುವುದನ್ನು ನಾನು ಬೆಂಚಿನ ಮೇಲೆ ಕೂತು ನೋಡಿದೆ. ನನ್ನ ಸುಳ್ಳು ನೀಲಿ ಬಣ್ಣದ್ದಾಗಿತ್ತು, ಕ್ಯಾನಿನ ಕತ್ತಿನವರೆಗೆ ಬಂತು.

ಟೋಪಿಸಾನ್ ಅವಳನ್ನು ಏನೋ ಕೇಳಿದರು, ಅವಳು ಏನೋ ಹೇಳಿದಳು. ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು. "ಸಾಕಾಗತ್ತಾ ಅಂತ ಕೇಳಿದ್ರು ಅಜ್ಜಿ. ಅಮ್ಮ ಹೇಳಿದ್ಲು, ಹೋಗಿ ಬರಕ್ಕೆ ಸಾಕು, ಸೇಫ್ಟಿಗೆ ಅಂತ ಇಡೋದೂ ಇದೆ. ಬಟ್ ಅಲ್ಲಿ ಗಾಳಿ ಜೋರಾಗಿದ್ರೆ ಮೇಲೆ ಸುತ್ತುತಾ ಇರಕ್ಕೆ ಆಗಲ್ಲ. ಸುತ್ತಕ್ಕೆ ಇಟ್ಟಿದ್ದು ಈಗ ತೆಗೆದಿದ್ದು."

ಕೊನೆಗೆ ಒಂದು ಕಾಗದ ಬಂತು. ನಾನು ನನ್ನ ಇಷ್ಟದಿಂದಲೇ ಹತ್ತುತ್ತಿದ್ದೇನೆ ಎಂದು ಒಪ್ಪಿಗೆ ಕೊಡುವ ಕಾಗದ. ಕನ್ನಡದಲ್ಲೇ ಸಹಿ ಹಾಕಿದೆ. ಮಗಳು ಆ ಸಹಿಯನ್ನು, ಓದಲು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿ, ಕಾಗದವನ್ನು ಟೋಪಿಸಾನ್‌ಗೆ ಎರಡೂ ಕೈಯಲ್ಲಿ ಕೊಟ್ಟಳು.

ಮುಂದೆ ಎಡಕ್ಕೆ ಮಗಳು, ಬಲಕ್ಕೆ ಟೋಪಿಸಾನ್, ಅವರ ಹಿಂದೆ ನಾನು, ನನ್ನ ಪಕ್ಕ ಮೊಮ್ಮಗಳು. ಕಿವಿಗೆ ದೊಡ್ಡ ಹೆಡ್‌ಫೋನು. ಏರುವಾಗ ಇಳಿಯುವಾಗ ಯಾರೂ ಮಾತಾಡಬಾರದು ಎಂದು ಮಗಳು ಮೊದಲೇ ಹೇಳಿದ್ದಳು. ಹೇಳುವಾಗ ನನ್ನೊಬ್ಬಳನ್ನೇ ನೋಡಿದ್ದಳು.

ಏರಿದೆವು. ಅದನ್ನು ವರ್ಣಿಸಲು ನನಗೆ ಬರುವುದಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಮನೆಗಳು ಒಣಗಲು ಹಾಕಿದ ಸಂಡಿಗೆಯ ಹಾಗೆ ಹರಡಿದ್ದವು. ಆಮೇಲೆ ಅವೂ ಮುಗಿದು ಸಮುದ್ರ ಬಂತು. ಬಲಕ್ಕೆ ಫ್ಯೂಜಿ ಬೆಟ್ಟ ಪೂರ್ತಿಯಾಗಿ ಕಂಡಿತು. ಯಾರಿಗೂ ತೋರಿಸಲಿಲ್ಲ. ಮಾತಾಡಿದರೆ ಇನ್ನೇನಾದರೂ ತೂಕ ಹೆಚ್ಚಾದೀತು ಎಂಬಂತೆ ಕೂತಿದ್ದೆ.

ನನಗೆ ಕಾಣುತ್ತಿದ್ದದ್ದು ಮಗಳ ಬಲಗೆನ್ನೆ, ಕಿವಿ, ಕ್ಲಿಪ್ಪಿನಿಂದ ತಪ್ಪಿಸಿಕೊಂಡ ನಾಲ್ಕು ಬಿಳಿ ಕೂದಲು. ಅವಳ ಕೈಗಳು ಎಷ್ಟು ಕಡಿಮೆ ಅಲ್ಲಾಡುತ್ತಿದ್ದವೆಂದರೆ, ಚಪಾತಿ ಲಟ್ಟಿಸುವಾಗ ಅದೇ ಕೈಗಳು ಊರಗಲ ಹಿಟ್ಟು ಚೆಲ್ಲುತ್ತವೆ ಎಂದರೆ ಯಾರೂ ನಂಬಲಾರರು. ಒಮ್ಮೆ ಹಿಂದೆ ತಿರುಗಿ "ಸರಿ ಇದೀಯ ಅಮ್ಮ?" ಎಂದಳು. ತಲೆಯಾಡಿಸಿದೆ. ಅವಳು ಮುಗುಳ್ನಕ್ಕಳು. ಬೆಳಗಿನಿಂದ ಮೊದಲ ಸಲ.

ಮುಕ್ಕಾಲು ಗಂಟೆಗೂ ಮೇಲೆ ಹಾರಿದ ನಂತರ ದ್ವೀಪ ಬಂತು. ಹಸಿರು ಬೆಟ್ಟ, ಬಿಳಿ ಮರಳು, ಒಂದು ಬಂದರು, ನೀಲಿ ತಗಡಿನ ಒಂದು ಮಾಡು. "ಅದೇ ಹೋಟೆಲು" ಎಂದಳು ಮಗಳು. ಅದರ ಆಚೆ ಕಪ್ಪು ಪಟ್ಟಿಯೊಂದು ಕಂಡಿತು, ಇಳಿಯುವ ಜಾಗ. ಪಕ್ಕದ ಕಂಬದಲ್ಲಿ ಗಾಳಿ ಯಾವ ಕಡೆಯದೆಂದು ತೋರಿಸುವ ಬಟ್ಟೆಯ ಚೀಲ. ಅದು ಪಟ್ಟಿಗೆ ಅಡ್ಡಲಾಗಿ, ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ನಿಂತಿತ್ತು. ನನಗೆ ವಿಮಾನದ ಗಂಧ ಇಲ್ಲದಿದ್ದರೂ ಬಟ್ಟೆ ಒಣಹಾಕಿ ಗೊತ್ತು. ಅದು ಒಳ್ಳೆಯ ಗಾಳಿಯಲ್ಲ.

ಮಗಳು ಇಳಿಸಲು ಹೋದಳು. ಪಟ್ಟಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಬರುತ್ತಾ ಬರುತ್ತಾ ಎಡಕ್ಕೆ ಸರಿಯಿತು. ಅದು ಸರಿಯಲಿಲ್ಲ, ನಾವು ಸರಿದೆವು. ಇಂಜಿನ್ನು ಗರ್ಜಿಸಿತು, ಮತ್ತೆ ಮೇಲೇರಿದೆವು. ನೀಲಿ ಮಾಡಿನ ಮನೆಯ ಅಂಗಳಕ್ಕೆ ಬಿಳಿ ಏಪ್ರನ್ನಿನ ಒಂದು ಚುಕ್ಕೆ ಬಂದು ನಿಂತದ್ದನ್ನು ನಾನು ನೋಡಿದೆ. ಆಕೆಗೆ ಸದ್ದು ಕೇಳಿದೆ. ಎಣ್ಣೆ ಒಲೆಯ ಮೇಲಿದೆ.

ಎರಡನೇ ಸಲ. ಈ ಸಲ ಒಂದು ರೆಕ್ಕೆ ತಗ್ಗಿತು, ಮೊಮ್ಮಗಳು ನನ್ನ ಸೆರಗು ಹಿಡಿದಳು. ಮತ್ತೆ ಇಂಜಿನ್ನಿನ ಗರ್ಜನೆ, ಮತ್ತೆ ಆಕಾಶ.

ಟೋಪಿಸಾನ್ ಕೈ ಕಟ್ಟಿ ಕೂತಿದ್ದರು. ಸಣ್ಣ ದನಿಯಲ್ಲಿ ಏನೋ ಕೇಳಿದರು. ಮಗಳು ತೊಡೆಯ ಮೇಲಿನ ಕಾಗದ ನೋಡಿದಳು, ಗಡಿಯಾರ ನೋಡಿದಳು, ಪೆಟ್ರೋಲಿನ ಮುಳ್ಳು ನೋಡಿದಳು. ಒಂದೇ ಪದ ಹೇಳಿದಳು.

"ಏನಂತೆ?" ಎಂದು ಮೊಮ್ಮಗಳನ್ನು ಕಣ್ಣಲ್ಲೇ ಕೇಳಿದೆ.

"ಎಷ್ಟು ನಿಮಿಷ ಸುತ್ತಬೋದು ಅಂತ ಕೇಳಿದ್ರು. ಅಮ್ಮ ಜೀರೋ ಅಂದ್ಲು."

ಎಪ್ಪತ್ತೆರಡು ವರ್ಷದಲ್ಲಿ ಏನೂ ಮಾಡಲಾಗದೆ ಕೂತದ್ದು ನನಗೆ ನೆನಪಿಲ್ಲ. ಇದೇ ಮಗಳಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೇನೆ. ಪರೀಕ್ಷೆಗೆ ಹೊರಟರೆ ಬಾಗಿಲಲ್ಲಿ ನಿಂತು ಮೊಸರು ಸಕ್ಕರೆ ಕೊಟ್ಟಿದ್ದೇನೆ. ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೇನೆ. ಉಪಯೋಗವಾಯಿತೋ ಇಲ್ಲವೋ, ಕೈಗಂತೂ ಕೆಲಸವಿತ್ತು. ಇಲ್ಲಿ ಕೈ ಎರಡೂ ತೊಡೆಯ ಮೇಲಿದ್ದವು. ಇಳಿದು ಹಗುರ ಮಾಡುವಂತಿಲ್ಲ, ಚೆಲ್ಲುವಂತಿಲ್ಲ, ತಿಂದು ಮುಗಿಸುವಂತಿಲ್ಲ. ಉಸಿರು ಎಳೆದು ಬಿಗಿಹಿಡಿದೆ, ಅದರಿಂದ ಹಗುರಾಗುವವಳ ಹಾಗೆ.

ಮಗಳು ಆ ಕಪ್ಪು ಪಟ್ಟಿಯನ್ನು ಒಮ್ಮೆ ನೋಡಿದಳು. ಆಮೇಲೆ ರೇಡಿಯೋದಲ್ಲಿ ಯಾರಿಗೋ ಹೇಳಿ ವಿಮಾನವನ್ನು ತಿರುಗಿಸಿದಳು. ದ್ವೀಪ ಕಿಟಕಿಯಿಂದ ಹಿಂದಕ್ಕೆ ಜಾರಿತು. ಬಿಳಿ ಚುಕ್ಕೆ ಕೈಯೆತ್ತಿ ಹಣೆಗೆ ಅಡ್ಡ ಹಿಡಿದುಕೊಂಡು ಇನ್ನೂ ಅಂಗಳದಲ್ಲೇ ಇತ್ತು.

ಅರ್ಧ ದಾರಿಯಲ್ಲಿ ತಡೆಯಲಾಗದೆ "ಮಗೂ" ಎಂದೆ.

"ಈಗ ಬೇಡ ಅಮ್ಮ" ಎಂದಳು. ಕೋಪವಿರಲಿಲ್ಲ. ಅವಳಿಗೆ ಕೆಲಸವಿತ್ತು.

ಹೊಳೆದಂಡೆಯ ನಿಲ್ದಾಣದಲ್ಲಿ ಗಾಳಿಯೇ ಇರಲಿಲ್ಲ. ಮಗಳು ಎಷ್ಟು ಮೆತ್ತಗೆ ಇಳಿಸಿದಳೆಂದರೆ ಚಕ್ರ ನೆಲ ಮುಟ್ಟಿದ್ದೇ ನನಗೆ ಗೊತ್ತಾಗಲಿಲ್ಲ. ಅವಳು ಇಳಿಸುವುದನ್ನು ನಾನು ನೋಡಬೇಕಿತ್ತು, ನೋಡಿದೆ, ಬೇಡದ ಜಾಗದಲ್ಲಿ. ಟೋಪಿಸಾನ್ ಟೋಪಿ ತೆಗೆದು ಅವಳಿಗೆ ಬಗ್ಗಿದರು. ಬೋಳುತಲೆ, ಪಾಪ. "ಡಿಸಿಷನ್ ಕರೆಕ್ಟ್ ಅಂದ್ರು" ಎಂದಳು ಮೊಮ್ಮಗಳು. ಮಗಳೂ ಬಗ್ಗಿದಳು, ಏಳುವುದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಳು.

ಬಾಡಿಗೆ ವಿಮಾನವನ್ನು ಒರೆಸಿ ಕೊಡಬೇಕು, ಅದು ಅಲ್ಲಿನ ಪದ್ಧತಿ. ರೆಕ್ಕೆಯ ಮುಂದಿನ ಅಂಚಿಗೆ ಅಂಟಿದ ಹುಳುಗಳನ್ನು ಮಗಳು ಒದ್ದೆ ಬಟ್ಟೆಯಿಂದ ಉಜ್ಜತೊಡಗಿದಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ಅವಳು ಇನ್ನೊಂದು ಬಟ್ಟೆ ಕೊಟ್ಟಳು. ಸದ್ಯ, ಒಂದು ಕೆಲಸ ಸಿಕ್ಕಿತು. ಇಬ್ಬರೂ ಉಜ್ಜಿದೆವು.

"ಮಗೂ, ಆವತ್ತು ಆ ಫಾರಂ..."

"ಅಕ್ಕಿ ಡಬ್ಬದ ಕೆಳಗಿತ್ತು."

ನನ್ನ ಕೈ ನಿಂತಿತು. "ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು. ಅಕ್ಕಿ ನಾನೇ ಅಲ್ವ ಅಳೀತಿದ್ದಿದ್ದು."

"ಮತ್ತೆ ಯಾಕೆ ತಗೊಳ್ಳಲಿಲ್ಲ?"

"ತಗೊಂಡು ಏನ್ಮಾಡ್ಲಿ? ಫಾರಂ ಇತ್ತು. ಸಹಿ ಬೇಕಿತ್ತು." ಅವಳು ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. "ಅಲ್ಲಿ ಇನ್ನೂ ಹುಳ ಇದೆ ನೋಡು."

ಆಮೇಲೆ ನಾವು ಶೆಡ್ಡಿನ ಮುಂದಿನ ಬೆಂಚಿನಲ್ಲಿ ಕೂತು ಫ್ರಿಜ್ಜಿನ ಚೀಲ ಬಿಚ್ಚಿದೆವು. ಟೋಪಿಸಾನ್ ಪುಳಿಯೋಗರೆ ತಿಂದು ಬೆವರಿದರು, ಕೋಡುಬಳೆಯನ್ನು ಒಂದೊಂದಾಗಿ ಬೆರಳಿಗೆ ಹಾಕಿಕೊಂಡು ನೋಡಿ ತಿಂದರು. ಮೊಮ್ಮಗಳು ಮೊಸರನ್ನದ ಡಬ್ಬಿ ಬಳಿದಳು. ಮಗಳು ತಿನ್ನಲಿಲ್ಲ. ದೂರ ಹೋಗಿ ನಿಂತು ಹೋಟೆಲಿನ ಮುದುಕಿಗೆ ಫೋನು ಮಾಡಿದಳು. ಫೋನು ಕಿವಿಗಿಟ್ಟುಕೊಂಡೇ ಮತ್ತೆಮತ್ತೆ ಬಗ್ಗುತ್ತಿದ್ದಳು. ಸುಮಿಮಾಸೆನ್, ಸುಮಿಮಾಸೆನ್. ಕ್ಷಮಿಸಿ ಎನ್ನುವ ಆ ಮಾತೊಂದು ನನಗೂ ಬರುತ್ತದೆ.

ಮೊಮ್ಮಗಳು ಕಿವಿಗೊಟ್ಟು ಕೇಳಿ ಬಂದು ಹೇಳಿದಳು. "ನಾವು ಹೋದ್ಮೇಲೆ ಹದಿನೈದು ನಿಮಿಷಕ್ಕೆ ಗಾಳಿ ನಿಂತೋಯ್ತಂತೆ ಅಜ್ಜಿ. ಯಾಕೆ ಸ್ವಲ್ಪ ಹೊತ್ತು ಸುತ್ತಲಿಲ್ಲ ಅಂತ ಕೇಳ್ತಿದಾರೆ. ಅಮ್ಮ ಹೇಳ್ತಿದಾಳೆ, ನನ್ನ ಲೆಕ್ಕ ತಪ್ಪಾಯ್ತು ಅಂತ."

ಇಪ್ಪತ್ತು ಲೀಟರು ಅರ್ಧ ಗಂಟೆಗೂ ಹೆಚ್ಚು ಬರುತ್ತಿತ್ತು ಎಂದು ಸ್ವಲ್ಪ ಹೊತ್ತಿಗೆ ಮುಂಚೆಯೇ ಟೋಪಿಸಾನ್ ನೆಲದ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದ್ದರು. ಆರು ವರ್ಷ ಒಂದೂ ಲೆಕ್ಕ ತಪ್ಪದವಳು ನನಗಾಗಿ ತಪ್ಪು ಒಪ್ಪಿಕೊಳ್ಳುತ್ತಿದ್ದಳು. ನಾನು ಎದ್ದು ಹೋಗಿ ಫೋನು ಕಿತ್ತುಕೊಂಡ ಹಾಗೇ ತೆಗೆದುಕೊಂಡು ಮೊಮ್ಮಗಳ ಕೈಗೆ ಕೊಟ್ಟೆ.

"ಹೇಳೇ. ಲೆಕ್ಕ ಸರಿಯಿತ್ತು. ನಮ್ಮಜ್ಜಿ ತೂಕದಲ್ಲಿ ಹದಿನೈದು ಕಿಲೋ ಸುಳ್ಳು ಹೇಳಿದ್ರು, ಅದಕ್ಕೆ ಪೆಟ್ರೋಲು ತೆಗೀಬೇಕಾಯ್ತು ಅಂತ ಹೇಳು. ಒಂದೂ ಬಿಡ್ಬೇಡ."

ಹೇಳಿದಳು. ಆಮೇಲೆ ಫೋನಿನಿಂದ ಆಚೆಗೂ ಕೇಳುವಂಥ ಮುದಿ ನಗು.

"ಏನಂದ್ರು?"

"ತೆಂಪುರಾ ಪಕ್ಕದ ಮನೆಯವ್ರು ತಿಂದ್ರಂತೆ. ನೆಕ್ಸ್ಟ್ ಟೈಮ್ ಅಜ್ಜಿ ಹಡಗಲ್ಲಿ ಬರ್ಲಿ ಅಂದ್ರು. ಹಡಗು ತೂಕ ಕೇಳಲ್ವಂತೆ."

ಮಗಳು ನಕ್ಕಳೇ ಎಂದು ನೋಡಿದೆ. ಆ ಕಡೆ ತಿರುಗಿ ನಿಂತಿದ್ದಳು, ಕಾಣಲಿಲ್ಲ.

ಕಾರಿನಲ್ಲಿ ಮೊಮ್ಮಗಳು ನಿದ್ದೆ ಹೋದಳು. ದಾರಿಯುದ್ದಕ್ಕೂ ನಾನು ಒಂಬತ್ತರಲ್ಲಿ ಒಂದು ಕಳೆದು ಎಂಟು ಎಂದು ಲೆಕ್ಕ ಹಾಕುತ್ತಿದ್ದೆ. ಆ ಎಂಟು ದಿನಕ್ಕೂ ವಿಮಾನ ಬೇರೆಯವರಿಗೆ ಬುಕ್ ಆಗಿತ್ತು. ಇನ್ನು ಬಂದರೆ ಮುಂದಿನ ವರ್ಷ, ಈ ಮಂಡಿ ಒಪ್ಪಿದರೆ. ಮನೆ ಹತ್ತಿರದ ಕೊಂಬಿನಿಯ ಮುಂದೆ ಮಗಳು ಕಾರು ನಿಲ್ಲಿಸಿದಳು. ಹಗಲು ರಾತ್ರಿ ತೆರೆದಿರುವ ಆ ಅಂಗಡಿಯಲ್ಲಿ ಸೂಜಿಯಿಂದ ಊಟದವರೆಗೆ ಎಲ್ಲ ಸಿಗುತ್ತದೆ. ಅವಳು ಒಳಗೆ ಹೋಗಿ, ತನಗೊಂದು ಅನ್ನದ ಉಂಡೆ ಹಿಡಿದುಕೊಂಡು, ಇನ್ನೇನನ್ನೋ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾ ಬಂದಳು. ಕಾರಿನಲ್ಲೇ ಕೂತು ಆ ಉಂಡೆಯನ್ನು ತಿಂದಳು. ಬೆಳಗಿನಿಂದ ಅವಳ ಮೊದಲ ತುತ್ತು ಅದು. ತಿಂದು ಮುಗಿಸುವವರೆಗೆ ಕಾದೆ.

"ಮುಂದಿನ ವರ್ಷ ಬಂದಾಗ ಇನ್ನೊಂದ್ಸಲ ಕರ್ಕೊಂಡು ಹೋಗ್ತೀಯಾ?" ಎಂದೆ. "ಆವಾಗ ನಿಜವಾದ ತೂಕ ಹೇಳ್ತೀನಿ ಕಣೆ. ದೇವರಾಣೆ."

ಅವಳು ಕೈ ಒರೆಸಿಕೊಂಡು, ಜೇಬಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಎರಡು ಪೆನ್ಸಿಲ್ ಸೆಲ್.

"ನೀನು ಹೇಳೋದೇ ಬೇಡಮ್ಮ. ನಿಲ್ಲು ಸಾಕು."